ಕಾಣೆಯಾದ ನಲವತ್ತಮೂರು ಚೀಟಿ

ಗೂಡು ಖಾಲಿಯಾಗಿತ್ತು.

ಹೆಸ್ಟರ್ ಗಾರ್ಬಟ್ ಇನ್ನೊಮ್ಮೆ ಕೈ ಹಾಕಿ ತಡವಿದಳು. ಬರೀ ಮರದ ಹಲಗೆ, ಒಂದಿಷ್ಟು ಧೂಳು. ಎಡಗಡೆಯ ಗೂಡಿನಲ್ಲಿ ‘ವಿಂಡ್’ ಎಂಬ ಪದದ ಕಟ್ಟು ನೆಟ್ಟಗೆ ಕುಳಿತಿತ್ತು. ಬಲಗಡೆಯ ಗೂಡಿನಲ್ಲಿ ‘ವೈನ್’ ಕೂಡ ಸುಖವಾಗಿತ್ತು. ಇವೆರಡರ ನಡುವೆ ಇರಬೇಕಾಗಿದ್ದ ‘ವಿಂಡೋ’, ಅಂದರೆ ನಮ್ಮ ಕಿಟಕಿಯ ಕಟ್ಟು, ಮಾಯವಾಗಿತ್ತು.

“ಸರ್...” ಅವಳು ಗೂಡಿನಿಂದ ಕೈ ತೆಗೆದಳು. “ವಿಂಡೋ ಇಲ್ಲ ಸರ್.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ, ಇಲ್ಲ.”

ಸಂಪಾದಕ ಡಾಕ್ಟರ್ ಅಂಬ್ರೋಸ್ ಪೆಲ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ ಸದ್ದಿಗೆ ಇಡೀ ಕಚೇರಿ ತಲೆಯೆತ್ತಿತು.

ಅದು ಯಾರ್ಕ್ ಪಟ್ಟಣ. ಸಾವಿರದ ಎಂಟುನೂರ ತೊಂಬತ್ತೆಂಟನೇ ಇಸವಿಯ ಒಂದು ಮಂಗಳವಾರ ಬೆಳಿಗ್ಗೆ. ಆ ಹಳೆಯ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ನಡೆಯುತ್ತಿದ್ದದ್ದು ಒಂದೇ ಕೆಲಸ. ಇಂಗ್ಲಿಷಿನ ಒಂದೊಂದು ಪದವನ್ನೂ ಹಿಡಿದು, ನಿನ್ನ ಅಪ್ಪ ಯಾರು, ಅಜ್ಜ ಯಾರು, ಯಾವ ಊರಿಂದ ಬಂದೆ ಎಂದು ವಿಚಾರಿಸುವುದು. ವಿಚಾರಿಸಿ ಪದಕೋಶ ಬರೆಯುವುದು. ಪದ ಎಲ್ಲೆಲ್ಲಿ, ಯಾವ ಕಾಲದ ಪುಸ್ತಕದಲ್ಲಿ ಸಿಕ್ಕಿತು ಎಂಬುದಕ್ಕೆ ಅಂಗೈಯಗಲದ ಚೀಟಿಗಳೇ ಸಾಕ್ಷಿ. ದೇಶದ ಮೂಲೆಮೂಲೆಯ ಪಾದ್ರಿಗಳು, ಶಾಲಾ ಉಪಾಧ್ಯಾಯಿನಿಯರು, ಪಿಂಚಣಿ ಪಡೆದ ಕರ್ನಲ್‌ಗಳು ಹಳೆಯ ಪುಸ್ತಕ ಓದಿ ಓದಿ ಬರೆದು ಕಳಿಸಿದ ಚೀಟಿಗಳು. ಒಂದು ಪದದ ಚೀಟಿಗಳನ್ನೆಲ್ಲ ಅರ್ಥಕ್ಕೊಂದು ಗುಂಡುಸೂಜಿ ಚುಚ್ಚಿ, ದಾರದಲ್ಲಿ ಕಟ್ಟಿ, ಗೂಡಿಗೆ ಸೇರಿಸುತ್ತಿದ್ದರು. ಅಚ್ಚಾಗಿ ಮುಗಿದ ಅಕ್ಷರಗಳ ಕಟ್ಟುಗಳು ಅಟ್ಟ ಸೇರುತ್ತಿದ್ದವು. ಈಗ ಕೊನೆಯ ಸಂಪುಟ ನಡೆಯುತ್ತಿತ್ತು. ಇನ್ನೇನು ದಡ ಸೇರಿದೆವು ಎನ್ನುವಾಗ ಈ ಗ್ರಹಚಾರ.

ಕಟ್ಟಿನಲ್ಲಿದ್ದದ್ದು ನಲವತ್ತಮೂರು ಚೀಟಿ. ಅದರಲ್ಲಿ ಒಂದು ಚೀಟಿಯನ್ನು ಏಳುನೂರು ವರ್ಷದ ಹಿಂದಿನ ಕೈಬರಹದಿಂದ ರಿಪನ್ ಊರಿನ ಪಾದ್ರಿಯೊಬ್ಬರು ನಕಲು ಮಾಡಿಕೊಟ್ಟಿದ್ದರು. ಆ ಪಾದ್ರಿ ತೀರಿಕೊಂಡಿದ್ದಾರೆ. ಆ ಕೈಬರಹ ಹರಾಜಿನಲ್ಲಿ ಸಮುದ್ರ ದಾಟಿ ಹೋಗಿದೆ. ಚೀಟಿ ಹೋಯಿತೆಂದರೆ ಹೋಯಿತು, ಅಷ್ಟೇ.

“ನಿನ್ನೆ ಸಂಜೆ ಏಳಕ್ಕೆ ನಾನೇ, ನನ್ನ ಈ ಕೈಯಾರೆ, ಆ ಗೂಡಲ್ಲಿ ಇಟ್ಟು ಬೀಗ ಹಾಕ್ಕೊಂಡು ಹೋದೆ!” ಡಾಕ್ಟರ್ ಕೈಯನ್ನು ಎಲ್ಲರ ಮೂಗಿನ ಮುಂದೆ ಆಡಿಸಿದರು. ಅಂಗಿತೋಳಿನ ತುದಿಗೆ ಸಿಕ್ಕಿಸುವ, ಗಂಜಿ ಹಾಕಿ ಸೆಟೆಸಿದ ಅವರ ತೋಳಪಟ್ಟಿಯ ಮೇಲೆ ನೀಲಿಯಲ್ಲಿ ಏನೋ ಗೀಚಿತ್ತು. ಅದೇನೂ ಹೊಸದಲ್ಲ. ತಲೆಗೆ ಹೊಳೆದದ್ದನ್ನು ತೋಳಪಟ್ಟಿಯ ಮೇಲೇ ಬರೆದುಕೊಳ್ಳುವ ಮನುಷ್ಯ ಅವರು.

ಅಷ್ಟರಲ್ಲಿ ಅವರ ಕಣ್ಣು ಅಗ್ಗಿಷ್ಟಿಕೆಯ ಮೇಲೆ ಬಿತ್ತು. ಕೆಂಡದ ಬದಿಯಲ್ಲಿ ಅರ್ಧ ಸುಟ್ಟ ಚೀಟಿಯೊಂದರ ಮೂಲೆ ಸುರುಟಿಕೊಂಡಿತ್ತು.

“ಕರೀರಿ ಮಿಸೆಸ್ ಬೀಲ್ಬೀನ!”

ಡೋರ್ಕಸ್ ಬೀಲ್ಬಿ ಸೆರಗಿನಂಥ ತನ್ನ ಮುಂಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಬಂದಳು. ಐವತ್ತೆರಡರ ವಿಧವೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ಬೆಂಕಿ ಹಚ್ಚುವವಳು, ಗುಡಿಸುವವಳು, ಡಾಕ್ಟರ ಬಟ್ಟೆ ಒಗೆಯುವವಳು ಎಲ್ಲ ಅವಳೇ. ಇರುವುದು ಕಚೇರಿಯ ಹಿಂಬದಿಯ ಒಂದು ಕೋಣೆಯಲ್ಲಿ. ಕೆಲಸದ ಜೊತೆಗೆ ಬಂದ ಕೋಣೆ ಅದು.

“ಬೆಂಕಿಗೆ ಏನು ಹಾಕಿದೆ?”

“ಕಸದ ಬುಟ್ಟಿಯ ಚೀಟಿ ಡಾಕ್ಟ್ರೇ. ಒಂಬತ್ತು ವರ್ಷದಿಂದ ಅದನ್ನೇ ಹಾಕ್ತಿರೋದು. ನೀವೇ ಹೇಳಿದ್ದು.”

“ಗೂಡಿಂದ ಏನಾದ್ರೂ ತೆಗೆದ್ಯಾ?”

“ಗೂಡಿಗೆ ಕೈ ಹಾಕಿದ್ರೆ ನನ್ನ ಕೈ ಸೇದಿಹೋಗ್ಲಿ!”

“ನಿನಗೆ ಓದೋಕೆ ಬರಲ್ಲ. ಕಸ ಯಾವುದು, ಕಾಗದ ಯಾವುದು ಅಂತ ಹೆಂಗೆ ಗೊತ್ತಾಗುತ್ತೆ?”

“ಬುಟ್ಟಿ ಯಾವುದು, ಗೂಡು ಯಾವುದು ಅಂತ ತಿಳ್ಕೊಳ್ಳೋಕೆ ಅಕ್ಷರ ಬೇಕಾ ಡಾಕ್ಟ್ರೇ?”

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅದೇ ಕೆಟ್ಟದ್ದಾಯಿತು. ಡಾಕ್ಟರ ಮುಖ ಬೀಟ್‌ರೂಟಾಯಿತು. ಇದ್ದ ಏಳು ಜನರೆದುರಿಗೆ, ನಡುಮನೆಯಲ್ಲಿ ನಿಂತು, “ಏಳುನೂರು ವರ್ಷದ ಚರಿತ್ರೇನ ಬೆಂಕಿಗೆ ಹಾಕಿದ ಹೆಂಗಸು ನೀನು” ಎಂದುಬಿಟ್ಟರು. ಗುರುವಾರ ಹನ್ನೆರಡಕ್ಕೆ ಮುದ್ರಣಾಲಯದವನು ಬರುತ್ತಾನೆ, ಅಷ್ಟರೊಳಗೆ ಅವಳು ಕೋಣೆ ಖಾಲಿ ಮಾಡಬೇಕು ಎಂದರು.

ಮಿಸೆಸ್ ಬೀಲ್ಬಿ ಅಳಲಿಲ್ಲ. ಕಲ್ಲಿದ್ದಲಿನ ಬಕೆಟ್ಟು ಎತ್ತಿಕೊಂಡು ಹೊರಟುಹೋದಳು.

ಹೆಸ್ಟರ್‌ಗೆ ಸುಮ್ಮನಿರಲಾಗಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ, ಹೆಂಗಸು ಚೀಟಿ ವಿಂಗಡಿಸುವುದೇ ಎಂದು ಗಂಡಸರೆಲ್ಲ ಮೂಗು ಮುರಿದು ಮಾತು ಬಿಟ್ಟಿದ್ದಾಗ, ಹನ್ನೊಂದು ಗಂಟೆಗೆ ಸರಿಯಾಗಿ ಮೇಜಿನ ಮೇಲೆ ಚಹಾ ಇಟ್ಟು “ಕುಡಿ ಮಗಳೇ, ಇವ್ರೆಲ್ಲ ದೊಡ್ಡ ಮಕ್ಕಳು” ಎಂದವಳು ಇವಳೊಬ್ಬಳೇ.

“ಸರ್, ಗುರುವಾರದವರೆಗೂ ಹುಡುಕೋಕೆ ನನಗೆ ಅಪ್ಪಣೆ ಕೊಡಿ.”

“ಬೂದೀಲಿ ಹುಡುಕು, ಹೋಗು,” ಎಂದರು ಡಾಕ್ಟರ್.

ಅವಳು ನಿಜವಾಗಿಯೂ ಬೂದಿಯಲ್ಲೇ ಹುಡುಕಿದಳು.

ಹಿತ್ತಿಲಲ್ಲಿ ಬೂದಿಯ ಡಬ್ಬ ಸುರಿದು, ಜರಡಿ ಹಿಡಿದು, ತೋಳು ಮಡಿಸಿ ಕುಳಿತಳು. ಮಿಸೆಸ್ ಬೀಲ್ಬಿ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನಿನಗೂ ನನ್ನ ಮೇಲೆ ಅನುಮಾನವೇನೇ?”

“ನಿಮ್ಮ ಮೇಲೆ ಅನುಮಾನ ಇದ್ದಿದ್ರೆ ನನ್ನ ಒಳ್ಳೇ ಲಂಗ ಯಾಕೆ ಹಾಳು ಮಾಡ್ಕೊಳ್ತಿದ್ದೆ? ಸುಮ್ನಿರಿ. ಆ ಕಟ್ಟಿಗೆ ಒಂಬತ್ತು ಗುಂಡುಸೂಜಿ ಚುಚ್ಚಿದ್ದು ನಾನೇ. ಕಾಗದ ಸುಡುತ್ತೆ, ಸೂಜಿ ಸುಡುತ್ತಾ?”

ಮಿಸೆಸ್ ಬೀಲ್ಬಿ ತಟ್ಟನೆ ಮಂಡಿಯೂರಿ ಕುಳಿತಳು. ಇಬ್ಬರೂ ಸೇರಿ ಮೂರು ಸಲ ಜಾಲಿಸಿದರು. ಸಿಕ್ಕಿದ್ದು ಒಂದು ಗುಂಡಿ, ಎರಡು ಮೊಳೆ, ಯಾರೋ ತಿಂದೆಸೆದ ಹಂದಿಮಾಂಸದ ಮೂಳೆ. ಗುಂಡುಸೂಜಿ ಒಂದೂ ಇಲ್ಲ.

ಹೆಸ್ಟರ್ ಬೂದಿಗೈಯಲ್ಲೇ ಡಾಕ್ಟರ ಬಳಿಗೆ ಓಡಿದಳು.

“ಸೂಜಿ ಕಿತ್ತು ಸುಟ್ಟಿರಬೇಕು,” ಎಂದರು ಅವರು, ತಲೆಯೆತ್ತದೆ.

“ಚಳೀಲಿ ಬೆಳಿಗ್ಗೆ ಆರಕ್ಕೆ ಬೆಂಕಿ ಹಚ್ಚೋಳು, ಒಂದೊಂದೇ ಸೂಜಿ ಕೀಳ್ತಾ ಕೂತ್ಕೊಳ್ತಾಳಾ ಸರ್?”

ಡಾಕ್ಟರ್ ಪೆನ್ನನ್ನು ಮಸಿಗೆ ಅದ್ದಿದರು, ಬರೆಯಲಿಲ್ಲ. ಕೊನೆಗೆ, “ಚೀಟಿ ತಂದು ಮೇಜಿನ ಮೇಲಿಡಿ ಮಿಸ್ ಗಾರ್ಬಟ್. ಆಮೇಲೆ ಮಾತಾಡೋಣ,” ಎಂದರು.

ಅಂತೂ ಚೀಟಿ ಸುಟ್ಟಿಲ್ಲ ಎನ್ನುವುದು ಹೆಸ್ಟರ್‌ಗೆ ಖಾತ್ರಿಯಾಯಿತು. ಸುಟ್ಟಿಲ್ಲವೆಂದರೆ ಎಲ್ಲೋ ಇದೆ. ಎಲ್ಲಿ? ಯಾರ ಹತ್ತಿರ?

ಬುಧವಾರ ಬೆಳಿಗ್ಗೆ ಅವಳು ಮೊದಲು ಹಿಡಿದದ್ದು ರೂಪರ್ಟ್ ಹೆಬ್ಡನ್‌ನನ್ನು. ಉಪಸಂಪಾದಕ. ಮೂವತ್ತೈದರ ಪ್ರಾಯ, ಮೀಸೆಗೆ ಮೇಣ, ಮಾತಿಗೆ ಖಾರ. ಸೋಮವಾರ ಮಧ್ಯಾಹ್ನ ‘ವಿಂಡೋ’ ವಿಷಯದಲ್ಲೇ ಅವನಿಗೂ ಡಾಕ್ಟರಿಗೂ ಜಗಳವಾಗಿತ್ತು. ಅದು ‘ವಿಂಡ್-ಡೋರ್’, ಅಂದರೆ ‘ಗಾಳಿಬಾಗಿಲು’, ಎಂಬ ಮಾತಿನಿಂದ ಸವೆದು ಬಂದ ಪದ, ಅಪ್ಪಟ ನಮ್ಮ ನೆಲದ್ದು ಎಂದು ಹೆಬ್ಡನ್ ವಾದ. “ಅಜ್ಜಿಕತೆ!” ಎಂದಿದ್ದರು ಡಾಕ್ಟರ್, ಎಲ್ಲರಿಗೂ ಕೇಳುವ ಹಾಗೆ. ಪದ ಹಡಗಿನಲ್ಲಿ ಉತ್ತರ ಸಮುದ್ರ ದಾಟಿ ಬಂದದ್ದು ಎಂದು ಹಲವರು ಪಂಡಿತರು ಹೇಳಿದ್ದರೂ, ಸ್ವತಃ ಎಳೆ ಹಿಡಿದು ನೋಡದೆ ಅದನ್ನೂ ಒಪ್ಪುವ ಜಾಯಮಾನ ಡಾಕ್ಟರದಲ್ಲ. ಹನ್ನೊಂದು ದಿನದಿಂದ ಅದೇ ಗುಂಗಿನಲ್ಲಿದ್ದರು.

“ನಿಮಗೆ ಸಿಟ್ಟು ಬಂದಿತ್ತು ಅಲ್ವಾ ಮಿಸ್ಟರ್ ಹೆಬ್ಡನ್?”

“ಬಂದಿತ್ತು. ಈಗಲೂ ಇದೆ. ಅದಕ್ಕೆ ಕದ್ದೆ ಅಂತೀರಾ?”

“ಕದ್ರಾ?”

ಹೆಬ್ಡನ್ ಬಿದ್ದು ಬಿದ್ದು ನಕ್ಕ. “ಆ ಚೀಟಿ ಇದ್ರೆ ತಾನೇ ನನ್ನ ವಾದ ಸರೀನೋ ತಪ್ಪೋ ಲೋಕಕ್ಕೆ ಗೊತ್ತಾಗೋದು? ಕದ್ರೆ ನನ್ನ ಕಾಲಿಗೆ ನಾನೇ ಕೊಡಲಿ ಹಾಕ್ಕೊಂಡಂಗೆ.”

“ಸೋಮವಾರ ಸಂಜೆ ಎಲ್ಲಿದ್ರಿ?”

“ಆರು ಗಂಟೆ ರೈಲಿಗೆ ಸೆಲ್ಬಿಗೆ ಹೋದೆ, ತಂಗಿ ಮನೆಗೆ. ಮಂಗಳವಾರ ಹತ್ತಕ್ಕೆ ಬಂದೆ. ನಾನು ಬಂದಾಗ ನೀವು ಬೂದೀಲಿ ಕೂತಿದ್ರಿ, ಮುಖಕ್ಕೆ ಮಸಿ ಬಳಕೊಂಡು.” ಅವನ ನಗು ಇಳಿಯಿತು. “ಇನ್ನೊಂದು ಮಾತು. ನನ್ನ ಹತ್ರ ಬೀಗದ ಕೈ ಇಲ್ಲ. ಇರೋದು ಮೂರೇ ಜನರ ಹತ್ರ. ಡಾಕ್ಟರ್, ಮಿಸೆಸ್ ಬೀಲ್ಬಿ, ಮುದುಕ ಫೆರಬಿ. ಆ ಹೆಂಗಸು ಮಾಡಿಲ್ಲ ಅಂತ ನೀವಂತೀರಿ. ನಾನೂ ಅಂತೀನಿ. ಹಾಗಾದ್ರೆ ಉಳಿದವರು ಯಾರು, ನೀವೇ ಲೆಕ್ಕ ಹಾಕಿ.”

ಉಳಿದವರು ಇಬ್ಬರು. ಅವರಲ್ಲಿ ಒಬ್ಬರು ಯಜಮಾನರು, ಕೈಯಾರೆ ಇಟ್ಟೆ ಎಂದು ಆಣೆ ಮಾಡುತ್ತಿರುವವರು. ಹೆಸ್ಟರ್ ಫೆರಬಿಯ ಮೇಜಿನ ಬಳಿಗೆ ಹೋದಳು.

ಜೋಸೈಯಾ ಫೆರಬಿಗೆ ಎಪ್ಪತ್ತೊಂದು. ಕೋಶ ಶುರುವಾದ ದಿನದಿಂದಲೂ ಇದ್ದ ಒಬ್ಬನೇ ಗುಮಾಸ್ತ. ಬೆಳಿಗ್ಗೆ ಏಳೂವರೆಗೆ ಎಲ್ಲರಿಗಿಂತ ಮೊದಲು ಬಂದು, ಡಾಕ್ಟರ ಬಾಗಿಲ ಬಳಿಯ ಬೆತ್ತದ ಬುಟ್ಟಿಯಲ್ಲಿರುವ ಕಟ್ಟುಗಳನ್ನೆಲ್ಲ ಎಲ್ಲೆಲ್ಲಿ ಸೇರಿಸಬೇಕೋ ಅಲ್ಲಲ್ಲಿ ಸೇರಿಸುವುದು ಅವನ ಕೆಲಸ. ಆಮೇಲೆ ತೂಕಡಿಸುವುದು ಅವನ ಹಕ್ಕು. ಅವನು ಇದ್ದಾನೆಂಬುದೇ ಕಚೇರಿಗೆ ಮರೆತುಹೋಗಿತ್ತು. ಕಳ್ಳತನದ ಬಗ್ಗೆ ಯಾರೂ ಅವನನ್ನು ಒಂದು ಮಾತು ಕೇಳಿರಲಿಲ್ಲ.

“ತಾತಾ, ಮಂಗಳವಾರ ಬೆಳಿಗ್ಗೆ ವಿಂಡೋ ಕಟ್ಟನ್ನ ನೋಡಿದ್ರಾ?”

“ಇಲ್ಲ ಮಗೂ.”

“ಬುಟ್ಟೀಲಿ ಏನೇನಿತ್ತು?”

“ಆರೋ ಏಳೋ ಕಟ್ಟಿತ್ತು.”

“ಯಾವ ಯಾವ ಪದ?”

“ಪದ?” ಮುದುಕ ಕನ್ನಡಕ ತೆಗೆದು ಅವಳನ್ನು ಕರುಣೆಯಿಂದ ನೋಡಿದ. “ಪದ ಯಾರು ಓದ್ತಾರಮ್ಮಾ? ಇಪ್ಪತ್ನಾಲ್ಕು ವರ್ಷದಿಂದ ಪದ ಓದ್ತಾ ಕೂತಿದ್ರೆ ನಾನು ‘ಬಿ’ ಅಕ್ಷರದಲ್ಲೇ ಸತ್ತೋಗ್ತಿದ್ದೆ. ನಾನು ನೋಡೋದು ಮೂಲೇಲಿರೋ ನೀಲಿ ಪೆನ್ಸಿಲ್ ಒಂದನ್ನೇ. ಚೀಟಿ ಮೇಲೆ ಶಾಯೀಲಿ ಬರೆದದ್ದು ಲೋಕಕ್ಕೆ. ನೀಲಿ ಪೆನ್ಸಿಲಲ್ಲಿ ಬರೆದದ್ದು ನನಗೆ. ‘ಅಚ್ಚಿಗೆ’ ಅಂತಿದ್ರೆ ಅಚ್ಚಿನ ಪೆಟ್ಟಿಗೆಗೆ. ಇನ್ನೊಂದು ಪದ ಬರೆದಿದ್ರೆ ಆ ಪದದ ಕಟ್ಟಿನೊಳಕ್ಕೆ. ಏನೂ ಬರೀದಿದ್ರೆ ಮಾತ್ರ ವಿಧಿಯಿಲ್ದೆ ಮೇಲಿನ ಪದ ನೋಡ್ಕೋತೀನಿ.”

“ಸರಿ ಬಿಡಿ ತಾತಾ,” ಎಂದಳು ಹೆಸ್ಟರ್. ವಿಂಡೋ ಬುಟ್ಟಿಗೆ ಬಂದೇ ಇರಲಿಲ್ಲವಲ್ಲ, ಡಾಕ್ಟರ್ ಗೂಡಿಗೇ ಇಟ್ಟರಲ್ಲ. ಮುದುಕನ ನೀಲಿ ಪುರಾಣದಿಂದ ಏನು ಪ್ರಯೋಜನ? ಅವಳಿಗೆ ದಿಕ್ಕೇ ತೋಚದಾಯಿತು. ಬುಧವಾರವೆಲ್ಲ ಮೇಜಿನಡಿ, ಬೀರುವಿನ ಹಿಂದೆ, ಕೊಡೆ ಇಡುವ ಡಬ್ಬದೊಳಗೆ ಕೂಡ ನೋಡಿದಳು. ಸಂಜೆ ಹೊರಡುವಾಗ ಹಿತ್ತಿಲಲ್ಲಿ ಮಿಸೆಸ್ ಬೀಲ್ಬಿ ತನ್ನ ತಗಡಿನ ಟ್ರಂಕು ತೊಳೆದು ಒಣಹಾಕಿದ್ದಳು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳುವ ಧೈರ್ಯ ಹೆಸ್ಟರ್‌ಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಒಗೆಯುವ ಕೊಟ್ಟಿಗೆಯಲ್ಲಿ ಮಿಸೆಸ್ ಬೀಲ್ಬಿ ಇಸ್ತ್ರಿಪೆಟ್ಟಿಗೆ ಬಿಸಿಮಾಡುತ್ತಿದ್ದಳು.

“ಇದೇನಿದು? ಇವತ್ತೂ ಅವರ ಬಟ್ಟೆ ಒಗೀತಿದ್ದೀರಾ?” ಹೆಸ್ಟರ್‌ಗೆ ರೇಗಿತು.

“ಹನ್ನೆರಡು ಗಂಟೆವರೆಗೂ ನಾನು ಕೆಲಸದೋಳೇ ಕಣೇ. ಬೀಲ್ಬಿ ಕೊಳಕು ಕಾಲರ್ ಬಿಟ್ಟೋದ್ಲು ಅಂತ ಯಾರೂ ಅನ್ನಬಾರ್ದು.” ಅವಳು ಒಂದು ತೋಳಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. “ಆದ್ರೆ ಇದೊಂದು ಹಟಮಾರಿ ನೋಡು. ನಿಂಬೆಹಣ್ಣು ಉಜ್ಜಿದೆ, ಉಪ್ಪು ಉಜ್ಜಿದೆ. ಒಂಬತ್ತು ವರ್ಷದಿಂದ ಆ ಮಹಾರಾಯ ಇದರ ಮೇಲೆ ಬರೀತಾನೇ ಇದ್ದಾನೆ, ನಾನು ತೆಗೀತಾನೇ ಇದ್ದೀನಿ. ಶಾಯಿ ಆದ್ರೆ ನಿಂಬೆಗೆ ಹೋಗುತ್ತೆ. ಯಾವತ್ತೂ ಶಾಯೀನೇ ಇರ್ತಿತ್ತು. ಈ ಸಲ ಅದೇನು ಬುದ್ಧಿ ಬಂತೋ, ಜಿಡ್ಡು ಜಿಡ್ಡು ನೀಲಿ!”

“ಏನಂದ್ರಿ?”

“ನೀಲಿ ಅಂದೆ.”

“ಯಾವತ್ತಿನ ಪಟ್ಟಿ ಇದು?”

“ಸೋಮವಾರ ಮಂಗಳವಾರ ಎರಡು ದಿನ ಹಾಕ್ಕೊಂಡಿದ್ದು. ಬದಲಾಯಿಸೋಕೆ ಜ್ಞಾಪಕ ಇದ್ರೆ ತಾನೇ!”

ಹೆಸ್ಟರ್ ಪಟ್ಟಿಯನ್ನು ಕಿತ್ತುಕೊಂಡು ಬಾಗಿಲಿಗೆ ಬಂದಳು. ಮಸುಕಾಗಿದ್ದರೂ ಅಕ್ಷರ ಉಳಿದಿತ್ತು. ಉತ್ತರದ ನಾವಿಕರ ಹಳೆಯ ನುಡಿಯ ಎರಡು ಪದ: ‘ವಿಂಡ್’, ಗಾಳಿ, ‘ಔಗಾ’, ಕಣ್ಣು. ಎರಡನೆಯದರ ಕೆಳಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಇಂಗ್ಲಿಷಿನ ಇ-ವೈ-ಇ, ‘ಕಣ್ಣು’, ಎಂದು ಬರೆದು, ಅದರ ಮುಂದೆ ಕುಣಿದಾಡಿದ ಹಾಗೆ ಮೂರು ಆಶ್ಚರ್ಯಚಿಹ್ನೆ.

ಗಾಳಿಗಣ್ಣು! ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಕಣ್ಣು! ನಮ್ಮವರು ಗವಾಕ್ಷಿ ಎನ್ನುವಾಗ ದನದ ಕಣ್ಣನ್ನು ಕಂಡ ಹಾಗೆ, ಆ ಚಳಿದೇಶದ ನಾವಿಕರು ಗಾಳಿಯ ಕಣ್ಣನ್ನು ಕಂಡಿದ್ದರು. ಸೋಮವಾರ ಸಂಜೆ ಒಬ್ಬರೇ ಕುಳಿತಿದ್ದ ಡಾಕ್ಟರಿಗೆ ಹನ್ನೊಂದು ದಿನದ ಗಂಟು ಬಿಚ್ಚಿಕೊಂಡಿತ್ತು. ಬಿಚ್ಚಿಕೊಂಡಾಗ ಅವರ ಕೈಯಲ್ಲಿದ್ದದ್ದು ಪೆನ್ನಲ್ಲ.

ಹೆಸ್ಟರ್ ಪಟ್ಟಿ ಹಿಡಿದುಕೊಂಡೇ ಫೆರಬಿಯ ಮೇಜಿಗೆ ಓಡಿದಳು.

“ತಾತಾ! ಫೆರಬಿ ತಾತಾ! ಏಳಿ, ಅಟ್ಟದ ಬೀಗ ತೆಗೀರಿ!”

“ಅಟ್ಟದಲ್ಲೇನಿದೆ? ಅಚ್ಚಾಗಿ ಮುಗಿದ ಹಳೇ ಅಕ್ಷರಗಳಲ್ವಾ...”

“ಅದಕ್ಕೇ ಯಾರೂ ನೋಡಿಲ್ಲ. ಬನ್ನಿ!”

ಹನ್ನೆರಡಕ್ಕೆ ಕಾಲು ಗಂಟೆ ಇತ್ತು. ಮುದ್ರಣಾಲಯದ ಮೇಸ್ತ್ರಿ ಸ್ಕೈಫ್ ಟೊಪ್ಪಿಗೆ ಕೈಯಲ್ಲಿ ಹಿಡಿದು ನಡುಮನೆಯಲ್ಲಿ ಕಾಯುತ್ತಿದ್ದ. ಡಾಕ್ಟರ್ ಪೆಲ್ ‘ವಿಂಡೋ’ ಇದ್ದಿರಬೇಕಾದ ಜಾಗದಲ್ಲಿ ಖಾಲಿ ಹಾಳೆ ಸೇರಿಸುತ್ತಿದ್ದರು. ಎರಡು ದಿನಕ್ಕೆ ಮನುಷ್ಯ ಸೊರಗಿಹೋಗಿದ್ದರು. ಹೆಸ್ಟರ್ ಶಾಲಿನೊಳಗೆ ಏನನ್ನೋ ಅವುಚಿಕೊಂಡು ಒಳಗೆ ಬಂದಳು. ಕೂದಲ ತುಂಬ ಜೇಡರಬಲೆ. ಹಿಂದೆಯೇ ಫೆರಬಿ, ಏದುಸಿರು ಬಿಡುತ್ತ.

“ಕಳ್ಳ ಸಿಕ್ಕಿದ ಸರ್.”

ಎಲ್ಲರ ಕೈಯೂ ನಿಂತಿತು. ಹೆಬ್ಡನ್ ಕುರ್ಚಿಯನ್ನೇ ಈ ಕಡೆಗೆ ತಿರುಗಿಸಿಕೊಂಡ.

“ಯಾರು?” ಎಂದರು ಡಾಕ್ಟರ್.

“ಮೊದಲು ಎರಡು ಪ್ರಶ್ನೆಗೆ ಉತ್ತರ ಕೊಡಿ. ಸೋಮವಾರ ಸಂಜೆ ವಿಂಡೋ ಪದದ ಮೂಲ ಗೊತ್ತಾದಾಗ ಯಾವುದರಲ್ಲಿ ಬರೆದ್ರಿ?”

“ನನಗೆ ಗೊತ್ತಾಗಿದೆ ಅಂತ ನಿಮಗೆ ಹೆಂಗೆ—”

“ತೋಳಪಟ್ಟಿ ಹೇಳ್ತು. ಯಾವುದರಲ್ಲಿ ಬರೆದ್ರಿ ಸರ್?”

“ಪೆನ್ನಲ್ಲಿ. ಇನ್ಯಾವುದರಲ್ಲಿ? ಅಲ್ಲ, ಇರು... ಮಸಿ ಮುಗಿದಿತ್ತು. ಎದುರಿಗೆ ಏನೋ ಬಿದ್ದಿತ್ತು...” ಅವರ ದನಿ ಸಣ್ಣಗಾಯಿತು.

“ನೀಲಿ ಪೆನ್ಸಿಲ್. ಮೊದಲು ತೋಳಪಟ್ಟಿ ಮೇಲೆ ಬರೆದ್ರಿ. ಆಮೇಲೆ? ಮರೆತುಬಿಡ್ತೀನಿ ಅಂತ ಕಟ್ಟಿನ ಮೇಲಿನ ಚೀಟಿಯ ಮೂಲೆಯಲ್ಲೂ ಒಂದು ಪದ ಬರೆದ್ರಿ. ‘ಕಣ್ಣು’ ಅಂತ. ಅದು ನಿಮ್ಮ ಜ್ಞಾಪಕಕ್ಕೆ. ಎರಡನೇ ಪ್ರಶ್ನೆ. ಕಟ್ಟನ್ನ ಗೂಡಲ್ಲಿ ಇಟ್ಟೆ ಅಂದ್ರಲ್ಲ, ಇಟ್ಟದ್ದು ಜ್ಞಾಪಕ ಇದೆಯಾ? ಅಥವಾ ಯಾವತ್ತೂ ಇಡ್ತೀನಿ, ಅವತ್ತೂ ಇಟ್ಟಿರ್ತೀನಿ ಅಂದ್ಕೊಂಡ್ರಾ?”

ಡಾಕ್ಟರ್ ಖಾಲಿ ಗೂಡಿನ ಕಡೆ ನೋಡಿದರು.

“ಮೈಮೇಲೆ ಎಚ್ಚರವಿಲ್ಲದಷ್ಟು ಸಂತೋಷದಲ್ಲಿದ್ರಿ. ಹೊರಡುವಾಗ ಕಟ್ಟನ್ನ ಬಾಗಿಲ ಹತ್ರ ಬುಟ್ಟಿಗೆ ಹಾಕಿದ್ರಿ. ಮಂಗಳವಾರ ಏಳೂವರೆಗೆ ತಾತ ಬಂದ್ರು. ತಾತ ಪದ ಓದಲ್ಲ. ಮೂಲೆಯ ನೀಲಿ ಮಾತ್ರ ಓದ್ತಾರೆ. ಹಾಗೆ ಓದಬೇಕು ಅಂತ ಇಪ್ಪತ್ನಾಲ್ಕು ವರ್ಷದ ಹಿಂದೆ ನೇಮ ಮಾಡಿದ್ದು ನೀವೇ. ನೀಲಿಯಲ್ಲಿ ಏನಿತ್ತು? ‘ಕಣ್ಣು’. ‘ಕಣ್ಣು’ ಎಂಬ ಪದ ‘ಇ’ ಅಕ್ಷರದ್ದು. ಅದು ಅಚ್ಚಾಗಿ ಹದಿನೈದು ವರ್ಷವಾಯ್ತು, ಚೀಟಿಯೆಲ್ಲ ಅಟ್ಟ ಸೇರಿದೆ. ತಾತ ಅಟ್ಟ ಹತ್ತಿ, ‘ಕಣ್ಣು’ ಕಟ್ಟಿನೊಳಗೆ ಇದನ್ನ ಸೇರಿಸಿ ಕೆಳಗಿಳಿದು ಬಂದ್ರು. ನಾವೆಲ್ಲ ವಿಂಡೋನ ಅದರ ಮನೇಲಿ ಹುಡುಕಿದ್ವಿ. ಅದು ತಾಯಿ ಮನೇಲಿ ಕೂತಿತ್ತು.”

ಹೆಸ್ಟರ್ ಶಾಲು ಸರಿಸಿ ಕಟ್ಟನ್ನು ಮೇಜಿನ ಮೇಲಿಟ್ಟಳು. ಒಂಬತ್ತು ಸೂಜಿ, ನಲವತ್ತಮೂರು ಚೀಟಿ, ಮೂಲೆಯಲ್ಲಿ ದಪ್ಪ ನೀಲಿ ಅಕ್ಷರ.

“ಯಾರು ಅಂತ ಕೇಳಿದ್ರಿ. ನೀವೇ ಸರ್.”

ಫೆರಬಿ ನಡುಗುವ ದನಿಯಲ್ಲಿ, “ನಾನೇ ಕಣ್ರೀ ಇಟ್ಟದ್ದು, ನನ್ನದೂ ತಪ್ಪೇ,” ಎನ್ನಲು ಹೋದ.

“ನೀನು ಸುಮ್ಮನಿರು ಜೋಸೈಯಾ. ನೀನು ಮಾಡಿದ್ದು ನಾನು ಬರೆದದ್ದನ್ನ,” ಎಂದರು ಡಾಕ್ಟರ್. ಕಟ್ಟನ್ನು ಎರಡೂ ಕೈಯಿಂದ ಮುಟ್ಟಿ ನೋಡಿದರು. ಆನಂದಕ್ಕೋ ಅವಮಾನಕ್ಕೋ ಗಡ್ಡ ಅದುರುತ್ತಿತ್ತು. “ಗಂಟೆ ಎಷ್ಟು?”

“ಹನ್ನೆರಡಕ್ಕೆ ಐದು ನಿಮಿಷ,” ಎಂದ ಹೆಬ್ಡನ್. “ಆ ಹೆಂಗಸು ಟ್ರಂಕು ಹೊರಗಿಡ್ತಿರಬೇಕು.”

ಡಾಕ್ಟರ್ ಪೆಲ್ ಟೊಪ್ಪಿಗೆ ಕೂಡ ಹಾಕದೆ ಓಡಿದರು. ಅವರು ಓಡಿದ್ದನ್ನು ಆ ಕಚೇರಿ ಎಂದೂ ಕಂಡಿರಲಿಲ್ಲ. ಹೆಸ್ಟರ್ ಹಿಂದೆಯೇ ಹೋದಳು.

ಹಿಂಬದಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಡಾಕ್ಟರ್ ಒಳಗೆ ಕಾಲಿಟ್ಟವರೇ ಟ್ರಂಕಿಗೆ ಎಡವಿ ಮುಗ್ಗರಿಸಿದರು. ನಡುಹಗಲು. ಆದರೂ ಒಳಗೆ ಗವಿಯ ಕತ್ತಲು. ಮೂಲೆಯಲ್ಲಿ ಒಂದು ಮೇಣದ ಬತ್ತಿ.

“ಮಿಸೆಸ್ ಬೀಲ್ಬಿ, ಚೀಟಿ ಸಿಕ್ಕಿತು. ತಪ್ಪು ನನ್ನದು. ಪೂರಾ ನನ್ನದು. ಕ್ಷಮಿಸಬೇಕು.”

ಕತ್ತಲಿನಲ್ಲಿ ಅವಳ ಮುಖ ಕಾಣಲಿಲ್ಲ. ಮಾತು ಮಾತ್ರ ಬಂತು.

“ಇಲ್ಲಿ ಹೇಳಿದ್ರೆ ಯಾರಿಗೆ ಕೇಳುತ್ತೆ ಡಾಕ್ಟ್ರೇ? ಏಳು ಜನರ ಮುಂದೆ ಅಂದ್ರಿ. ಆ ಏಳು ಜನರ ಮುಂದೆಯೇ, ಅಲ್ಲೇ ನಿಂತು ಹೇಳಿ. ಆಮೇಲೆ ಟ್ರಂಕಿನ ಮಾತು.”

“ಹೇಳ್ತೀನಿ. ಈಗಲೇ ಬಾ, ಹೇಳ್ತೀನಿ.” ಅವರು ಗೋಡೆ ತಡವುತ್ತ ತಿರುಗಿದರು. “ಅಲ್ಲ, ಈ ಹೊತ್ತಲ್ಲಿ ಇದೇನು ಕತ್ತಲು? ಕಿಟಕಿ ತೆಗೀಬಾರ್ದಾ?”

“ಯಾವ ಕಿಟಕಿ?”

“ಕಿಟಕಿ... ಕೋಣೆ ಕಿಟಕಿ.”

“ಇಲ್ಲ ಡಾಕ್ಟ್ರೇ. ಒಂದಿತ್ತು. ಕಿಟಕಿಗೆ ತೆರಿಗೆ ಹಾಕ್ತಿದ್ರಲ್ಲ, ಆ ಕಾಲದಲ್ಲಿ ಇಟ್ಟಿಗೆ ಇಟ್ಟು ಮುಚ್ಚಿಬಿಟ್ರಂತೆ. ತೆರಿಗೆ ಹೋಗಿ ಐವತ್ತು ವರ್ಷ ಆಗ್ತಾ ಬಂತು, ಇಟ್ಟಿಗೆ ಹೋಗ್ಲಿಲ್ಲ. ನಾನು ಬಂದ ವರ್ಷ ನಿಮ್ಮನ್ನ ಕೇಳಿದ್ದೆ. ಆಗಲಿ ಆಗಲಿ ಅಂದ್ರಿ. ಒಂಬತ್ತು ವರ್ಷ ಆಯ್ತು.”

ಡಾಕ್ಟರ್ ಪೆಲ್ ಟ್ರಂಕಿನ ಮೇಲೆ ಕುಳಿತುಬಿಟ್ಟರು. ಕಿಟಕಿ ಎಂಬ ಪದ ಏಳುನೂರು ವರ್ಷದ ಹಿಂದೆ ಹೇಗಿತ್ತು, ಯಾವ ದೋಣಿಯಲ್ಲಿ ಬಂತು, ಯಾರ ಬಾಯಲ್ಲಿ ತಿರುಗಿತು ಎಂದು ಹನ್ನೊಂದು ದಿನ ಊಟ ಬಿಟ್ಟು ಹುಡುಕಿದ ಮನುಷ್ಯ. ಅವರ ಬೆನ್ನ ಹಿಂದಿನ ಗೋಡೆಯಾಚೆ, ಅವರ ಬಟ್ಟೆ ಒಗೆಯುವ ಹೆಂಗಸು, ಒಂಬತ್ತು ವರ್ಷದಿಂದ ಕಿಟಕಿಯಿಲ್ಲದೆ ಮಲಗಿ ಎದ್ದಿದ್ದಳು. ಹೆಸ್ಟರ್‌ಗೂ ನಾಚಿಕೆಯಾಯಿತು. ಈ ಹದಿನಾಲ್ಕು ತಿಂಗಳು ಅವಳ ಕೈಯ ಚಹಾ ಕುಡಿದವಳು ಈ ಕೋಣೆಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ನಡುಮನೆಯಲ್ಲಿ, ಏಳು ಜನರ ಮುಂದೆ, ಹೆಬ್ಡನ್, ಮೇಸ್ತ್ರಿ ಸ್ಕೈಫ್ ಇಬ್ಬರನ್ನೂ ಸೇರಿಸಿ ಒಂಬತ್ತು ಜನರ ಮುಂದೆ, ಡಾಕ್ಟರ್ ಪೆಲ್ ತಲೆ ತಗ್ಗಿಸಿ ಕ್ಷಮೆ ಕೇಳಿದರು. ಮಿಸೆಸ್ ಬೀಲ್ಬಿ ಕೊನೆಯವರೆಗೂ ಕೇಳಿಸಿಕೊಂಡು, “ಹೂಂ, ಆಯ್ತು,” ಎಂದು ಟ್ರಂಕು ಒಳಗಿಡಲು ಹೋದಳು. ಸ್ಕೈಫ್ ‘ವಿಂಡೋ’ದ ಹಾಳೆ ಹೊತ್ತುಕೊಂಡು ಹೊರಟ.

ಶನಿವಾರ ಗಾರೆಕೆಲಸದವರು ಬಂದರು. ಹನ್ನೊಂದು ಗಂಟೆಗೆ ಕೊನೆಯ ಇಟ್ಟಿಗೆ ಉರುಳಿತು. ಕಚೇರಿಯವರೆಲ್ಲ ಕೆಲಸ ಬಿಟ್ಟು ಹಿತ್ತಿಲಲ್ಲಿ ನಿಂತಿದ್ದರು. ಡಾಕ್ಟರ್ ಪೆಲ್ ಹೊರಗಿನಿಂದ ಆ ಕಂಡಿಯೊಳಗೆ ತಲೆ ತೂರಿಸಿ, ಮಗುವಿನ ಹಾಗೆ ಹಿಗ್ಗುತ್ತ ಕೇಳಿದರು:

“ಹೆಂಗಿದೆ ಮಿಸೆಸ್ ಬೀಲ್ಬಿ? ಗಾಳಿ ಬರ್ತಿದೆಯಾ?”

ಒಳಗೆ ಅವಳು ಬಿಸಿಲಿನಲ್ಲಿ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು, ಅದನ್ನು ಮರೆಮಾಚುವ ಗೋಜಿಗೂ ಹೋಗಲಿಲ್ಲ. ನಾಲ್ಕೂ ಗೋಡೆಗಳನ್ನು ಒಂದು ಸುತ್ತು ನೋಡಿದಳು.

“ಬರ್ತಿದೆ ಡಾಕ್ಟ್ರೇ, ಚೆನ್ನಾಗಿ ಬರ್ತಿದೆ. ಈ ಗೋಡೆ ಎಷ್ಟು ಗಲೀಜಾಗಿದೆ ಅಂತಾನೂ ಈಗ ಕಾಣಿಸ್ತಿದೆ. ಹಾಗೇ ಸುಣ್ಣ ಬಳಿಯೋನಿಗೂ ಹೇಳಿಕಳಿಸಿ. ಆಗಲಿ ಆಗಲಿ ಅನ್ನಬೇಡಿ. ಇವತ್ತೇ.”